ಹೆಡ್ ಹೋಗಿದೆ ಎನ್ನುವ ಮುನ್ನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇನ್ವರ್ಟರು, ನೀರಿನ ಫಿಲ್ಟರು, ಮೊಬೈಲಿನ ಬ್ಯಾಟರಿ ಇವೆಲ್ಲ ಇದ್ದದ್ದೇ. ಆದರೆ ವರ್ಷವಿಡೀ ತಪ್ಪದೆ ಬರುವ ಪ್ರಶ್ನೆ ವಿಸಿಆರ್‌ನದು. ಮನೆ ಬದಲಾಯಿಸುವಾಗ, ಮಗಳ ಮದುವೆ ಗೊತ್ತಾದಾಗ, ಹಿರಿಯರೊಬ್ಬರು ತೀರಿಕೊಂಡ ಮೇಲೆ ಅದು ಇನ್ನೂ ಹೆಚ್ಚು. ಅಟ್ಟದಿಂದ ಯಂತ್ರ ಇಳಿಸಿದೆವು, ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಹಾಕಿದರೆ ಪರದೆ ತುಂಬ ಬರೀ ಚುಕ್ಕಿ, ಅಂಗಡಿಗೆ ಒಯ್ದರೆ ‘ಹೆಡ್ ಹೋಗಿದೆ, ಈಗ ಎಲ್ಲೂ ಸಿಗಲ್ಲ, ಗುಜರಿಗೆ ಹಾಕಿ’ ಎಂದರು, ನಿಜವಾ ಸರ್? ಊರು ಬೇರೆ ಬೇರೆ, ಪ್ರಶ್ನೆ ಇದೊಂದೇ.

ಹೆಚ್ಚಿನ ಮನೆಗಳ ಮಟ್ಟಿಗೆ ಅದು ನಿಜವಲ್ಲ. ಬಾಡಿಗೆ ಯಂತ್ರಗಳ ಹೆಡ್ ಸವೆಯುತ್ತಿತ್ತು, ಅದು ಸರಿ. ಗಣೇಶನ ಪೆಂಡಾಲಿಗೆ ಟಿವಿಯ ಜೊತೆ ಬಂದು, ಬೆಳಗಾಗುವಷ್ಟರಲ್ಲಿ ಮೂರು ಸಿನಿಮಾ ತೋರಿಸಿ, ಮರುದಿನ ಇನ್ನೊಂದು ಊರಿಗೆ ಹೋಗುತ್ತಿದ್ದ ಯಂತ್ರಗಳವು. ಮನೆಯ ವಿಸಿಆರ್ ಹಾಗೆ ದುಡಿದದ್ದಲ್ಲ. ಹಬ್ಬಕ್ಕೊಮ್ಮೆ, ನೆಂಟರು ಬಂದಾಗೊಮ್ಮೆ ಓಡಿ, ಕೇಬಲ್ಲು, ಸಿಡಿ ಬಂದ ಮೇಲೆ ಕಸೂತಿ ಬಟ್ಟೆ ಹೊದ್ದು ಕುಳಿತದ್ದು. ಅದರ ಹೆಡ್ ಸವೆಯಲು ಕಾರಣವೇ ಇಲ್ಲ. ಅದನ್ನು ಕೆಡಿಸಿರುವುದು ಕೊಳೆ ಮತ್ತು ವಯಸ್ಸಾದ ರಬ್ಬರು. ಎರಡಕ್ಕೂ ಮದ್ದಿದೆ. ಮದ್ದಿಲ್ಲದಿರುವುದು ಹಾಳಾದ ಕ್ಯಾಸೆಟ್ಟಿಗೆ. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ: ನೀವು ಉಳಿಸಬೇಕಾದದ್ದು ಯಂತ್ರವನ್ನಲ್ಲ, ಕ್ಯಾಸೆಟ್ಟನ್ನು. ಯಂತ್ರ ಪ್ರತಿ ಕ್ಯಾಸೆಟ್ಟನ್ನು ಒಂದು ಸಲ ಚೆನ್ನಾಗಿ ಓಡಿಸಿಕೊಟ್ಟರೆ ಸಾಕು, ಅಷ್ಟರಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು.

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಹೊರತಂದದ್ದು 1976ರಲ್ಲಿ. ಸೋನಿಯ ಬೀಟಾಮ್ಯಾಕ್ಸ್ ಅದರ ಹಿಂದಿನ ವರ್ಷವೇ ಬಂದಿತ್ತು. ನಮ್ಮಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ವಿಸಿಆರ್ ಬಂತು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನಿಂದ ರಜೆಗೆ ಬಂದವರ ಸಾಮಾನಿನಲ್ಲಿ ಅದು ಇಳಿಯಿತು. ರೆಕಾರ್ಡ್ ಮಾಡಲಾಗದ, ಬರೀ ತೋರಿಸುವ ವಿಸಿಪಿ ಆಮೇಲೆ ಮಧ್ಯಮ ವರ್ಗದ ಮನೆಗಳನ್ನು ತಲುಪಿತು. ಮದುವೆ, ಗೃಹಪ್ರವೇಶ, ಉಪನಯನ, ಊರಿನ ಯಕ್ಷಗಾನ ಎಲ್ಲವೂ ಡಿವಿಡಿ ಬರುವವರೆಗೆ ಈ ಕಪ್ಪು ಪೆಟ್ಟಿಗೆಗಳಲ್ಲೇ ದಾಖಲಾದವು. ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ, ಬಿಡಿಭಾಗ ಸಿಗುವುದೇ ಕಷ್ಟವಾಗಿದೆ ಎಂದು 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಹಾಗಾಗಿ ಈಗ ನಮ್ಮ ಮನೆಗಳಲ್ಲಿರುವ ಯಂತ್ರಗಳೇ ಉಳಿದವು. ಅವುಗಳಲ್ಲಿ ಮಿಕ್ಕಿರುವ ಆಯಸ್ಸನ್ನು ಹಳೆಯ ಸಿನಿಮಾ ನೋಡಿ ಕಳೆಯಬಾರದು.

ದೋಷ ಹಿಡಿಯಬೇಕಾದರೆ ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ನೋಡಬೇಕು. ಪ್ಲಗ್ ಕಿತ್ತು, ಮೇಲಿನ ತಗಡಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದರೆ ನಡುವೆ ಕನ್ನಡಿಯಂತೆ ಹೊಳೆಯುವ, ಸ್ವಲ್ಪ ವಾಲಿ ನಿಂತ ಲೋಹದ ಉರುಳೆ ಕಾಣುತ್ತದೆ. ಅದೇ ಡ್ರಮ್ಮು, ಅಡ್ಡಳತೆ 62 ಮಿಲಿಮೀಟರು. ಕ್ಯಾಸೆಟ್ ಒಳಗಿಳಿದಾಗ ಅದರ ಮುಂಬಾಗಿಲು ಮೇಲೆದ್ದು, ಎರಡು ಸಣ್ಣ ಕಂಬಗಳು ಟೇಪನ್ನು ಹೊರಗೆಳೆದು ಡ್ರಮ್ಮಿನ ಸುತ್ತ ಅರ್ಧ ಸುತ್ತು ಹೊದಿಸುತ್ತವೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಟೇಪಾದರೋ ಸೆಕೆಂಡಿಗೆ 23 ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ ನಿಧಾನವಾಗಿ ಸಾಗುತ್ತದೆ. ಡ್ರಮ್ಮಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಹೆಡ್ಡುಗಳಿವೆ. ಬರಿಗಣ್ಣಿಗೆ ಸಣ್ಣ ಕಂದು ಚೂರಿನಷ್ಟೇ ಕಾಣುತ್ತವೆ. ಚಿತ್ರವನ್ನು ಓದುವ ಸೀಳು ಆ ಚೂರಿನಲ್ಲಿದೆ. ಅದರ ಅಗಲ ಒಂದು ಮೈಕ್ರಾನಿನ ಮೂರನೇ ಒಂದು ಭಾಗದಷ್ಟು. ತಲೆಗೂದಲಿನ ದಪ್ಪ ಅದಕ್ಕಿಂತ ನೂರಾರು ಪಟ್ಟು ಹೆಚ್ಚು. ಇಷ್ಟು ಸೂಕ್ಷ್ಮವಾದ ಜಾಗದಲ್ಲಿ ಟೇಪಿನಿಂದ ಉದುರಿದ ಕಂದು ಪುಡಿಯ ಒಂದು ಕಣ ಕೂತರೂ ಚಿತ್ರ ಮಾಯ. ಹೆಡ್ ಹೋಗಿದೆ ಎಂದು ತೀರ್ಪು ಕೊಟ್ಟ ಎಷ್ಟೋ ಯಂತ್ರಗಳಲ್ಲಿ ನಾನು ಕಂಡದ್ದು ಈ ಕಣವನ್ನೇ.

ಧ್ವನಿಯ ದಾರಿ ಬೇರೆ. ಸಾಮಾನ್ಯ ವಿಸಿಆರ್‌ನಲ್ಲಿ ಟೇಪಿನ ಮೇಲಂಚಿನ ಸಣ್ಣ ಪಟ್ಟಿಯಲ್ಲಿ ಧ್ವನಿ ಇರುತ್ತದೆ, ಅದನ್ನು ಓದುವುದು ಡ್ರಮ್ಮಿನಾಚೆ ಅಲುಗಾಡದೆ ನಿಂತ ಇನ್ನೊಂದು ಹೆಡ್ಡು. ದೋಷ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ನಾದಸ್ವರ ಸ್ಪಷ್ಟವಾಗಿ ಕೇಳುತ್ತಿದೆ, ಚಿತ್ರ ಮಾತ್ರ ಚುಕ್ಕಿ ಎಂದಾದರೆ ಟೇಪು ಸರಿಯಾಗಿ ಓಡುತ್ತಿದೆ, ವಿಡಿಯೋ ಹೆಡ್ಡಿನಲ್ಲಿ ಕೊಳೆ ಇದೆ. ಚಿತ್ರ ಅರ್ಧಂಬರ್ಧ ಕಾಣಿಸಿ ಮೇಲೆ ಹಿಮ ಸುರಿದಂತೆ ಮಿನುಗಿದರೆ ಎರಡರಲ್ಲಿ ಒಂದು ಹೆಡ್ಡಿಗೆ ಕೊಳೆ ಮೆತ್ತಿದೆ. ಚಿತ್ರವೂ ಕುಣಿದು, ದನಿಯೂ ಎಳೆದೆಳೆದು ಬರುತ್ತಿದ್ದರೆ ಟೇಪನ್ನು ಎಳೆಯುವ ರಬ್ಬರ್ ರೋಲರನ್ನು ನೋಡಬೇಕು. ಚಿತ್ರ ಚೆನ್ನಾಗಿದ್ದು ದನಿ ಮಾತ್ರ ಕಂಬಳಿಯೊಳಗಿಂದ ಬಂದಂತೆ ಮಬ್ಬಾಗಿದ್ದರೆ ಆಡಿಯೋ ಹೆಡ್ಡನ್ನು ಒರೆಸಬೇಕು. ಅಂಗಡಿಗೆ ಹೋದಾಗ ‘ಓಡ್ತಾ ಇಲ್ಲ’ ಎಂದಷ್ಟೇ ಹೇಳದೆ ಇದರಲ್ಲಿ ಯಾವುದು ಎಂದು ಹೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಆದರೆ ಅಷ್ಟರಲ್ಲೇ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುತ್ತಾನೆ.

ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವನ್ನು ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಮುಚ್ಚಳ ತೆರೆದು ಧೂಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೆಗೆಯಿರಿ. ಒಳಗೆ ಜಿರಲೆಯ ಹಿಕ್ಕೆ, ಇರುವೆಯ ಗೂಡು, ಒಣಗಿದ ಹಲ್ಲಿ ಸಿಗುವುದು ಹೊಸದಲ್ಲ. ವಿದ್ಯುತ್ ಒಳಬರುವ ಮೂಲೆಯ ಪವರ್ ಸಪ್ಲೈ ಭಾಗಕ್ಕೆ ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪ್ಯಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಆ ಕೆಪ್ಯಾಸಿಟರುಗಳೇ ಒಣಗಿ ಹೋಗಿದ್ದರೆ ಯಂತ್ರಕ್ಕೆ ಜೀವವೇ ಬರುವುದಿಲ್ಲ, ಅಥವಾ ಗಡಿಯಾರದ ಅಂಕಿ ಮಂಕಾಗಿ ಮಿನುಗುತ್ತದೆ. ಅದು ಬಲ್ಲವರ ಕೆಲಸ. ಬಿಡಿಭಾಗ ಮಾತ್ರ ಅಗ್ಗದ್ದು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂದಿಗೂ ಸಿಗುತ್ತದೆ. ಅಮೆರಿಕದಿಂದ ಬಂದ ಯಂತ್ರವಾದರೆ ಹಿಂಬದಿಯ ಚೀಟಿ ಓದದೆ ಸಾಕೆಟ್ಟಿಗೆ ಹಚ್ಚಲೇಬಾರದು. ಅದು 120 ವೋಲ್ಟಿನದಾಗಿದ್ದರೆ ನಮ್ಮ 230 ವೋಲ್ಟಿಗೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಯಂತ್ರ ಚಾಲೂ ಆಯಿತು ಎಂದಿಟ್ಟುಕೊಳ್ಳಿ. ಈಗ ಮನೆಯವರೆಲ್ಲ ಸೋಫಾದ ಮೇಲೆ ಕೂತು ಮದುವೆ ಕ್ಯಾಸೆಟ್ಟಿಗೆ ಕಾಯುತ್ತಿರುತ್ತಾರೆ. ಹಾಕಬೇಡಿ. ನನ್ನ ಈ ಮಾತೊಂದನ್ನು ನಡೆಸಿಕೊಟ್ಟರೂ ಸಾಕು. ಮೊದಲು ಹಾಕಬೇಕಾದದ್ದು ಹೋದರೂ ಬೇಸರವಿಲ್ಲದ ಒಂದು ಕ್ಯಾಸೆಟ್, ಯಾವುದಾದರೂ ಹಳೆಯ ಸಿನಿಮಾ. ಅದನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ, ಹತ್ತಿಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಹೊರತೆಗೆಯಿರಿ. ಕ್ಯಾಸೆಟ್ಟಿನ ಬದಿಯಲ್ಲಿರುವ ಸಣ್ಣ ಗುಂಡಿ ಒತ್ತಿ ಮುಂಬಾಗಿಲೆತ್ತಿ ಟೇಪನ್ನು ಬೆಳಕಿಗೆ ಹಿಡಿಯಿರಿ. ಅಂಚು ಮಡಚಿದೆಯೇ, ಉದ್ದಕ್ಕೂ ಗೀರು ಬಿದ್ದಿದೆಯೇ, ಸುಕ್ಕು ಇದೆಯೇ ಎಂದು ನೋಡಿ. ಏನೂ ಇಲ್ಲವಾದರೆ ಮಾತ್ರ ಮುಂದಿನ ಮಾತು. ಮನೆಯ ಕ್ಯಾಸೆಟ್ ಕೆಟ್ಟ ಕಥೆಗಳಲ್ಲಿ ಬಹುಪಾಲು ನಡೆದಿರುವುದು ಪರೀಕ್ಷೆ ಮಾಡದ ಯಂತ್ರಕ್ಕೆ ಮೊದಲ ಸಲ ಅದನ್ನೇ ಹಾಕಿದಾಗ.

ಹೆಡ್ ಒರೆಸುವ ಕೆಲಸಕ್ಕೆ ಬೇಕಾದವು ಎರಡೇ ವಸ್ತು: ಶೇ 99ರಷ್ಟು ಶುದ್ಧವಾದ ಐಸೋಪ್ರೊಪೈಲ್ ಆಲ್ಕೋಹಾಲು, ಮತ್ತು ಎಳೆ ಬಿಡದ ಮೆತ್ತನೆಯ ತೊಗಲು. ಕನ್ನಡಕ, ಕ್ಯಾಮೆರಾ ಒರೆಸಲು ಮಾರುವ ಶ್ಯಾಮಿ ತೊಗಲು ಆಗುತ್ತದೆ. ತೊಗಲಿನ ತುಂಡನ್ನು ಆಲ್ಕೋಹಾಲಿನಲ್ಲಿ ತೇವ ಮಾಡಿ, ಡ್ರಮ್ಮಿನ ಬದಿಗೆ ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿಯಿರಿ. ಒತ್ತಿದ ಕೈ ಅಲುಗಬಾರದು. ಇನ್ನೊಂದು ಕೈಯಿಂದ ಡ್ರಮ್ಮಿನ ಮೇಲ್ಭಾಗವನ್ನು ಹಿಡಿದು ನಿಧಾನವಾಗಿ ತಿರುಗಿಸಿ. ಹೆಡ್ಡು ತೊಗಲಿನ ಮೇಲೆ ಹಾದುಹೋಗುವಾಗ ಬೆರಳಿಗೆ ಸಣ್ಣದೊಂದು ತಡೆ ಗೊತ್ತಾಗುತ್ತದೆ. ಹತ್ತು ಹದಿನೈದು ಸುತ್ತು ಆದ ಮೇಲೆ ತೊಗಲನ್ನು ನೋಡಿದರೆ ಕಂದು ಗೆರೆ ಎದ್ದಿರುತ್ತದೆ. ಚಿತ್ರವನ್ನು ಮರೆಮಾಡಿದ್ದ ಕೊಳೆ ಅದೇ. ತೊಗಲಿನ ಶುಭ್ರ ಭಾಗ ತಿರುಗಿಸಿಕೊಂಡು, ಗೆರೆ ಮೂಡುವುದು ನಿಲ್ಲುವವರೆಗೆ ಮತ್ತೆ ಒರೆಸಿ, ಅರ್ಧ ಗಂಟೆ ಆರಲು ಬಿಡಿ. ತೊಗಲನ್ನು ಮೇಲೆ ಕೆಳಗೆ ಉಜ್ಜಿದಿರೋ ಹೆಡ್ಡಿನ ಚೂರು ಮುರಿಯಿತೆಂದೇ ತಿಳಿಯಿರಿ. ಆಗ ಅಂಗಡಿಯವರು ಹೇಳಿದ ಮಾತು ನಿಜವಾಗಿಬಿಡುತ್ತದೆ.

ಕಿವಿಗೆ ಬಳಸುವ ಹತ್ತಿಯ ಕಡ್ಡಿ ವಿಡಿಯೋ ಹೆಡ್ಡಿನ ಹತ್ತಿರ ಸುಳಿಯಕೂಡದು. ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಅಲುಗದೆ ನಿಂತ ಆಡಿಯೋ ಹೆಡ್ಡು, ಕಂಬಗಳು, ಟೇಪು ಹಾಯುವ ಲೋಹದ ಭಾಗಗಳಿಗೆ ಅದೇ ಕಡ್ಡಿ ಧಾರಾಳವಾಗಿ ಆಗುತ್ತದೆ. ಪೆಟ್ರೋಲು, ಥಿನ್ನರು, ಸೆಂಟು, ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರು ಯಾವುದೂ ಬೇಡ. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ನೀರು ಎರಡೂ ಇರುತ್ತವೆ, ಡ್ರಮ್ಮಿನ ಮೇಲೆ ಅಂಟು ಬಿಟ್ಟು ಹೋಗುತ್ತದೆ. ಅಂಗಡಿಗಳಲ್ಲಿ ಸಿಗುತ್ತಿದ್ದ ಒಣ ಹೆಡ್ ಕ್ಲೀನರ್ ಕ್ಯಾಸೆಟ್ಟುಗಳು ಉಪ್ಪುಕಾಗದದಂತೆ ಹೆಡ್ಡನ್ನೇ ತಿಕ್ಕುತ್ತವೆ. ಮನೆಯಲ್ಲಿ ಹಳೆಯದೊಂದು ಉಳಿದಿದ್ದರೂ ನಾನು ಅದನ್ನು ಬಳಸಿ ಎನ್ನಲಾರೆ.

ಇನ್ನು ರಬ್ಬರಿನ ಸಂಗತಿ. ಕ್ಯಾಸೆಟ್ ನುಂಗಿತು, ರೀಲು ಸುತ್ತಿಕೊಂಡಿತು ಎಂಬ ದೂರುಗಳೆಲ್ಲ ಬರುವುದು ಇಲ್ಲಿಂದ. ಡ್ರಮ್ಮು ದಾಟಿದ ಟೇಪನ್ನು ಒಂದು ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡ ಪಿಂಚ್ ರೋಲರ್ ಎಂಬ ರಬ್ಬರ್ ಗಾಲಿ ಸೇರಿ ಮುಂದಕ್ಕೆ ಎಳೆಯುತ್ತವೆ. ಹೀಗೆ ಬಂದ ಟೇಪನ್ನು ಬಲಗಡೆಯ ಚಕ್ರ ಕೂಡಲೇ ಸುತ್ತಿಕೊಳ್ಳಬೇಕು. ಆ ಚಕ್ರವನ್ನು ತಿರುಗಿಸಲು ಎಷ್ಟೋ ಯಂತ್ರಗಳಲ್ಲಿ ಐಡ್ಲರ್ ಎಂಬ ಪುಟ್ಟ ರಬ್ಬರ್ ಬಳೆಯ ಗಾಲಿಯೊಂದಿದೆ. ವರ್ಷಗಳು ಕಳೆದಂತೆ ಇದು ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ ಗಟ್ಟಿಯಾಗಿ, ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪಿಂಚ್ ರೋಲರ್ ಟೇಪನ್ನು ತಳ್ಳುತ್ತಲೇ ಇದೆ, ಸುತ್ತಿಕೊಳ್ಳುವ ಚಕ್ರ ನಿಂತಿದೆ. ಟೇಪು ಯಂತ್ರದ ಹೊಟ್ಟೆಯಲ್ಲಿ ರಾಶಿ ಬೀಳುತ್ತದೆ. ಒಳಗಿನ ಸೆನ್ಸರು ಚಕ್ರ ತಿರುಗುತ್ತಿಲ್ಲವೆಂದು ತಿಳಿದು ಕೆಲವೇ ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಪ್ಲೇ ಒತ್ತಿದರೆ ತುಸು ಹೊತ್ತು ಓಡಿ ತಾನೇ ನಿಲ್ಲುತ್ತದೆ ಎಂಬ ದೂರಿನ ಮೂಲವೂ ಬಹುಮಟ್ಟಿಗೆ ಇದೇ. ರಿವೈಂಡ್ ನಿಧಾನವಾಗಿ ತಿಣುಕುತ್ತಿದ್ದರೆ ಅದು ಮುನ್ಸೂಚನೆ, ಅಲ್ಲಿಗೇ ನಿಲ್ಲಿಸಿಬಿಡಿ.

ಐಡ್ಲರಿನ ರಬ್ಬರ್ ಬಳೆಯನ್ನು ಬಿಡಿಸಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹಾಕುವುದು ರಿಪೇರಿಯವರ ಹಳೆಯ ಉಪಾಯ. ಒಳಗಿನ ಮೈ ಇನ್ನೂ ಒರಟಾಗಿರುವುದರಿಂದ ಕೆಲವು ಕಾಲ ಚೆನ್ನಾಗಿ ಹಿಡಿಯುತ್ತದೆ. ಹತ್ತಿಪ್ಪತ್ತು ಕ್ಯಾಸೆಟ್ ಇಳಿಸಿಕೊಳ್ಳುವ ನಮ್ಮ ಉದ್ದೇಶಕ್ಕೆ ಅಷ್ಟು ಕಾಲ ಸಾಲುತ್ತದೆ. ಪಿಂಚ್ ರೋಲರಿನ ಮೇಲೆ ಕಪ್ಪು ಮಿರುಗು ಕೂತಿದ್ದರೆ ಅದು ಹೋಗುವವರೆಗೆ ಒರೆಸಿ ಒಣಗಿಸಿ. ಬೆಲ್ಟು ಸಡಿಲವಾಗಿದ್ದರೆ ಅಳತೆಗೆ ಹೊಂದುವ ಬೇರೆ ಬೆಲ್ಟು ಹಾಕಿಸಿ. ಎಣ್ಣೆ, ಗ್ರೀಸು ಎಂದು ಕಂಡಲ್ಲೆಲ್ಲ ಹಚ್ಚುವವರಿದ್ದಾರೆ. ರಬ್ಬರಿಗೆ ಎಣ್ಣೆ ತಾಗಿದರೆ ಇದ್ದ ಹಿಡಿತವೂ ಹೋಗುತ್ತದೆ.

ಕ್ಯಾಸೆಟ್ ಒಳಗೇ ಸಿಕ್ಕಿಕೊಂಡಿದೆಯೆಂದರೆ ಎಳೆಯಬೇಡಿ, ಕತ್ತರಿಯನ್ನಂತೂ ಹುಡುಕಬೇಡಿ. ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಕಂಬಗಳನ್ನು ಹಿಂದೆ ಮುಂದೆ ಓಡಿಸುವ ಲೋಡಿಂಗ್ ಮೋಟರಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ. ಸರಿಯಾದ ದಿಕ್ಕಿಗೆ ತಿರುಗಿದರೆ ಕಂಬಗಳು ಡ್ರಮ್ಮಿನಿಂದ ಸರಿದು ಕ್ಯಾಸೆಟ್ಟಿನ ಕಡೆ ಬರುತ್ತವೆ. ಟೇಪು ಸಡಿಲಾದ ಮೇಲೆ ಸುತ್ತುವ ಚಕ್ರವನ್ನು ಕೈಯಲ್ಲೇ ತಿರುಗಿಸಿ ಅಷ್ಟನ್ನೂ ಕ್ಯಾಸೆಟ್ಟಿನೊಳಗೆ ಸೇರಿಸಿ, ಆಮೇಲೆ ಗಾಲಿಯನ್ನು ಇನ್ನಷ್ಟು ತಿರುಗಿಸಿದರೆ ಕ್ಯಾಸೆಟ್ ತಾನಾಗಿ ಮೇಲೇರುತ್ತದೆ. ತಾಳ್ಮೆ ಬೇಕು, ಬಲ ಬೇಡ. ಸುಕ್ಕಾದ ಭಾಗ ಓಡುವಾಗ ಒಂದಿಷ್ಟು ಗೆರೆ ಬರಬಹುದು, ಉಳಿದದ್ದೆಲ್ಲ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಏಕೆಂದರೆ ಮುಚ್ಚಳ ತೆರೆದು ಕೆಲಸ ಮಾಡುವವರು ಇದರಿಂದ ತಲೆ ಕೆಡಿಸಿಕೊಳ್ಳುತ್ತಾರೆ. ವಿಎಚ್‌ಎಸ್ ಟೇಪಿನ ಎರಡೂ ತುದಿಯಲ್ಲಿ ಪಾರದರ್ಶಕ ಪಟ್ಟಿ ಇರುತ್ತದೆ. ಯಂತ್ರದ ನಡುವೆ ನಿಂತ ಸಣ್ಣ ದೀಪದ ಕಣ್ಣಿಗೆ ಕಾಣದ ಬೆಳಕು ಆ ಪಟ್ಟಿಯನ್ನು ದಾಟಿ ಬದಿಯ ಸೆನ್ಸರಿಗೆ ತಾಗಿದಾಗ ಟೇಪು ಮುಗಿಯಿತೆಂದು ಯಂತ್ರಕ್ಕೆ ಗೊತ್ತಾಗುತ್ತದೆ. ಮುಚ್ಚಳ ತೆರೆದಿಟ್ಟು ಕಿಟಕಿಯ ಬಿಸಿಲಲ್ಲಿ ಅಥವಾ ಹಳದಿ ಬಲ್ಬಿನ ಕೆಳಗೆ ಓಡಿಸಿದರೆ ಆ ಬೆಳಕೇ ಸೆನ್ಸರಿಗೆ ಬಿದ್ದು, ಯಂತ್ರ ಪ್ಲೇ ಆಗದೆ ಸುಮ್ಮನೆ ನಿಲ್ಲುತ್ತದೆ ಇಲ್ಲವೇ ರಿವೈಂಡ್ ಮಾಡಲು ಹೊರಡುತ್ತದೆ. ಮೇಲೊಂದು ರಟ್ಟು ಮುಚ್ಚಿ ಮತ್ತೆ ನೋಡಿ. ಇಷ್ಟೇ ಕಾರಣಕ್ಕೆ ಬೋರ್ಡು ಹೋಗಿದೆ ಎನಿಸಿಕೊಂಡ ಯಂತ್ರಗಳೂ ಇವೆ.

ಅಡ್ಡ ಗೆರೆಗಳ ವಿಷಯ ಬಹುತೇಕರಿಗೆ ಗೊತ್ತು, ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೆ ಹೋಗುತ್ತದೆ. ಮದುವೆಯನ್ನು ದಾಖಲಿಸಿದ ಯಂತ್ರ ಒಂದು, ತೋರಿಸುವುದು ಇನ್ನೊಂದು. ಟೇಪಿನ ಮೇಲಿನ ಓರೆ ಗೆರೆಗಳ ಮೇಲೆ ಹೆಡ್ಡು ಸರಿಯಾಗಿ ಕೂರುವಂತೆ ಮಾಡುವುದೇ ಟ್ರ್ಯಾಕಿಂಗ್. ಪಾಲ್ ಪದ್ಧತಿಯ ಟೇಪಿನಲ್ಲಿ ಒಂದೊಂದು ಗೆರೆಯ ಅಗಲ 49 ಮೈಕ್ರಾನು, ಸ್ವಲ್ಪ ಜಾರಿದರೂ ಪಕ್ಕದ ಗೆರೆಗೆ ಕಾಲಿಡುತ್ತದೆ. ಎಷ್ಟು ತಿರುಗಿಸಿದರೂ ಪರದೆಯ ಮೇಲಂಚಿನಲ್ಲೋ ಕೆಳಗೋ ಒಂದೇ ಜಾಗದಲ್ಲಿ ಗೆರೆ ನಿಂತರೆ ಟೇಪು ಹಾಯುವ ಕಂಬದ ಎತ್ತರ ತಪ್ಪಿದೆ. ಅದನ್ನು ನೀವಾಗಿ ತಿರುಗಿಸಲು ಹೋಗಬೇಡಿ. ಅದಕ್ಕಿಂತ ಇನ್ನೊಬ್ಬರ ಮನೆಯ ಯಂತ್ರದಲ್ಲಿ ಅದೇ ಕ್ಯಾಸೆಟ್ ಹಾಕಿ ನೋಡುವುದು ಸುಲಭ.

ಅಮೆರಿಕದಲ್ಲಿ ನೆಲೆಸಿದ ಮಗನೋ ತಂಗಿಯೋ ಕಳಿಸಿದ ಕ್ಯಾಸೆಟ್ ಓಡುತ್ತಿಲ್ಲ, ಉಳಿದವೆಲ್ಲ ಓಡುತ್ತವೆ ಎಂದು ಬರೆಯುವವರಿಗೆ: ನಿಮ್ಮ ಯಂತ್ರ, ಕ್ಯಾಸೆಟ್ ಎರಡೂ ಸರಿಯಿವೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಪಾಲ್‌ನಲ್ಲಿ 625 ಗೆರೆ, 25 ಚಿತ್ರ. ಹೊರಗಿನ ಪೆಟ್ಟಿಗೆ ಒಂದೇ ಆದ್ದರಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬರೀ ಪಾಲ್ ಯಂತ್ರಕ್ಕೆ ಹಾಕಿದರೆ ಚಿತ್ರ ಉರುಳುತ್ತದೆ, ಬಣ್ಣ ಹೋಗುತ್ತದೆ. ಗಲ್ಫಿನಿಂದ ಬಂದ ಯಂತ್ರಗಳಲ್ಲಿ ಹಲವು ಎಲ್ಲ ಪದ್ಧತಿಗಳನ್ನೂ ಓದುವಂಥವು. ಕರಾವಳಿಯ ನೆಂಟರ ಮನೆಯಲ್ಲಿ ಅಂಥದ್ದೊಂದು ಇದೆಯೇ ಎಂದು ವಿಚಾರಿಸಿ.

ಕರಾವಳಿ, ಮಲೆನಾಡಿನವರಿಗೆ ಯಂತ್ರಕ್ಕಿಂತ ದೊಡ್ಡ ವೈರಿ ಬೂಷ್ಟು. ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ ಗೃಹಿಣಿಯೊಬ್ಬರು ಮಗಳ ಮದುವೆ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದರು. ಅದಕ್ಕಿಂತ ಜೋಪಾನ ಹೇಗೆ ಮಾಡಲು ಸಾಧ್ಯ? ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಅಂಚಿನ ಮೇಲೆ ಬಿಳಿ ಚುಕ್ಕಿಗಳು, ಒಂದು ಕಡೆ ಅವು ಕೂಡಿ ಹತ್ತಿಯ ಪದರದಂತೆ ಆಗಿದ್ದವು. ಮಳೆಗಾಲದಲ್ಲಿ ಕಟ್ಟಿದ ಪ್ಲಾಸ್ಟಿಕ್ ಕವರು ಅಲ್ಲಿನ ತೇವವನ್ನು ಹೊರಗೆ ಬಿಟ್ಟಿರಲಿಲ್ಲ. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿ ಚಿತ್ರ ಹೋಗುತ್ತದೆ. ಅಷ್ಟಕ್ಕೇ ಮುಗಿಯದೆ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಅದು ಹತ್ತುತ್ತದೆ. ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ಳಲಾಗದೆ ಟೇಪು ಹರಿಯುವುದೂ ಉಂಟು.

ಬೂಷ್ಟು ಕಂಡರೆ ಮಾಡಬೇಕಾದದ್ದು: ಆ ಕ್ಯಾಸೆಟ್ಟನ್ನು ಬೇರೆ ಇಡಿ. ಬಿಸಿಲಿಗೆ ಒಡ್ಡಬೇಡಿ, ಮಲೆನಾಡಿನಲ್ಲಿ ಇದು ಹಪ್ಪಳ ಸಂಡಿಗೆಯಷ್ಟೇ ಸಹಜವಾಗಿ ನಡೆಯುತ್ತದೆ. ಬಿಸಿಗೆ ಟೇಪು ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ವಾರ ಇಟ್ಟರೆ ತೇವ ಇಳಿದು ಬೂಷ್ಟು ಒಣ ಪುಡಿಯಾಗುತ್ತದೆ. ಪೆಟ್ಟಿಗೆಯ ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಆ ಪುಡಿಯನ್ನು ಒರೆಸುವುದು, ಆಮೇಲೆ ಟೇಪನ್ನು ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತ ಕೈಯಲ್ಲಿ ನಿಧಾನವಾಗಿ ಸುತ್ತುವುದು, ಇದು ಅನುಭವಿಗಳ ಕೆಲಸ. ಕ್ಯಾಸೆಟ್ ಅಮೂಲ್ಯವಾದದ್ದಾದರೆ ಅವರಿಗೇ ಬಿಡಿ. ತೀರ್ಥಹಳ್ಳಿಯ ಆ ಕ್ಯಾಸೆಟ್ಟನ್ನು ಹಾಗೆಯೇ ಒಣಗಿಸಿ, ಒರೆಸಿ ಇಳಿಸಿದ್ದಾಯಿತು. ಧಾರೆಯ ಹೊತ್ತಿನ ಒಂದಿಷ್ಟು ಭಾಗದಲ್ಲಿ ಚುಕ್ಕಿಗಳಿವೆ, ಉಳಿದದ್ದು ಸ್ಪಷ್ಟವಾಗಿದೆ.

ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ತಣ್ಣನೆಯ ಲೋಹದ ಡ್ರಮ್ಮಿನ ಮೇಲೆ ಹಬೆ ಕೂತರೆ ಟೇಪು ಅದಕ್ಕೆ ಅಂಟಿ ಸುತ್ತಿಕೊಳ್ಳುತ್ತದೆ. ಕೆಲವು ಯಂತ್ರಗಳು ಇದನ್ನು ತಾವೇ ಅರಿತು ಡ್ಯೂ ಎಂಬ ಸೂಚನೆ ತೋರಿಸಿ ಓಡಲು ಒಪ್ಪುವುದಿಲ್ಲ. ಅದು ದೋಷವಲ್ಲ. ಕ್ಯಾಸೆಟ್ ಹಾಕದೆ ಒಂದೆರಡು ಗಂಟೆ ಯಂತ್ರವನ್ನು ಚಾಲೂ ಇಡಿ, ಒಳಗಿನ ಕಾವಿಗೇ ಆರುತ್ತದೆ. ಆಗುಂಬೆ, ಮಡಿಕೇರಿಯವರು ಈ ಕೆಲಸವನ್ನೆಲ್ಲ ಬೇಸಿಗೆಗೆ ಇಟ್ಟುಕೊಳ್ಳುವುದು ಲೇಸು.

ಟೇಪು ತುಂಡಾಗಿದ್ದರೆ ಸೆಲೋಟೇಪು ಅಂಟಿಸಿ ಓಡಿಸುವವರನ್ನು ಕಂಡಿದ್ದೇನೆ. ಅದರ ಅಂಟು ಕರಗಿ ಡ್ರಮ್ಮಿಗೆ ಹಿಡಿಯುತ್ತದೆ, ದಪ್ಪ ಜೋಡಣೆ ಡಿಕ್ಕಿ ಹೊಡೆದು ಹೆಡ್ಡೇ ಮುರಿಯಬಹುದು. ತುಂಡಾದ ಎರಡು ಭಾಗಗಳನ್ನು ಎರಡು ಬೇರೆ ಪೆಟ್ಟಿಗೆಗಳಿಗೆ ಹಾಕಿ, ಜೋಡಣೆ ಡ್ರಮ್ಮಿನ ಮೇಲೆ ಹಾಯದಂತೆ ಬೇರೆ ಬೇರೆಯಾಗಿ ಇಳಿಸಿಕೊಳ್ಳುವುದೇ ಕ್ಷೇಮ. ಕಂಪ್ಯೂಟರಿನಲ್ಲಿ ಅವೆರಡನ್ನೂ ಕೂಡಿಸಬಹುದು.

ಇಳಿಸಿಕೊಳ್ಳುವುದು ಕಷ್ಟವೇನಲ್ಲ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ಸಾಕೆಟ್ಟಿನಿಂದ ಯುಎಸ್‌ಬಿ ಕ್ಯಾಪ್ಚರ್ ಉಪಕರಣದ ಮೂಲಕ ಕಂಪ್ಯೂಟರಿಗೆ ತಂತಿ ಎಳೆದರೆ ಆಯಿತು. ಅಗಲ 720, ಎತ್ತರ 576, ಸೆಕೆಂಡಿಗೆ 25 ಚಿತ್ರ ಎಂದು ಗೊತ್ತುಮಾಡಿ. ಅದಕ್ಕಿಂತ ದೊಡ್ಡದು ಮಾಡಿದರೆ ವಿವರವೇನೂ ಹೆಚ್ಚುವುದಿಲ್ಲ. ಸಿಗ್ನಲ್ ದುರ್ಬಲವಾದಾಗ ಪರದೆಯನ್ನು ನೀಲಿ ಮಾಡುವ ಸೌಲಭ್ಯ ಯಂತ್ರದಲ್ಲಿದ್ದರೆ ಮೆನುವಿನಲ್ಲಿ ಅದನ್ನು ಆಫ್ ಮಾಡಿ, ಇಲ್ಲವಾದರೆ ಮಸುಕಾದರೂ ಕಾಣಬಹುದಾಗಿದ್ದ ದೃಶ್ಯವೂ ನೀಲಿಯ ಹಿಂದೆ ಹೋಗುತ್ತದೆ. ಸ್ಟುಡಿಯೋದವರಿಗೆ ಕೊಡುವುದಾದರೆ ಡಿವಿಡಿ ಬೇಡ, ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಕೊಡಿ ಎನ್ನಿ. ಕ್ಯಾಸೆಟ್ಟನ್ನು ತಪ್ಪದೆ ವಾಪಸು ಪಡೆಯಿರಿ, ಇರುವುದೊಂದೇ ಪ್ರತಿಯಾದರೆ ಕೊರಿಯರಿಗೆ ಕೊಡದೆ ಕೈಯಾರೆ ಒಯ್ಯಿರಿ.

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಕಾಂತೀಯ ಟೇಪುಗಳಿಗೆ 2025ರ ಗಡುವು ಹಾಕಿ ಎಚ್ಚರಿಸಿತ್ತು. ಟೇಪು ಹಾಳಾಗುವುದು ಒಂದು ಭಯವಾದರೆ, ಅದನ್ನು ಓದುವ ಯಂತ್ರ, ದುರಸ್ತಿ ಬಲ್ಲ ಕೈಗಳು ಇಲ್ಲವಾಗುವುದು ಇನ್ನೊಂದು ಭಯ. ನಮ್ಮ ಊರುಗಳಲ್ಲಿ ಹಳೆಯ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರಿರುವಾಗಲೇ ಕೆಲಸ ಮಾಡಿಸಿಕೊಳ್ಳಿ, ಕೇಳಿದಷ್ಟು ಕೊಡಿ.

ಈ ಭಾನುವಾರ ಕಪಾಟಿನಿಂದ ಕ್ಯಾಸೆಟ್ಟುಗಳನ್ನು ಹೊರಗೆ ತೆಗೆಯಿರಿ. ಕಿಟಕಿಯಲ್ಲಿ ಬಿಳಿ ಚುಕ್ಕಿ ಇದೆಯೇ ನೋಡಿ. ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಆಗ ಅದರ ಮೇಲೆ ಯಾರೂ ಅಕಸ್ಮಾತ್ ಬೇರೇನನ್ನೂ ರೆಕಾರ್ಡ್ ಮಾಡಲಾಗುವುದಿಲ್ಲ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸ್ಪೀಕರು, ಸ್ಟೆಬಿಲೈಸರುಗಳಿಂದ ದೂರವಿಡಿ. ಇಳಿಸುವಾಗ ಮನೆಯಲ್ಲಿ ತೆಗೆದವು ಮೊದಲು, ಊರಿನ ಯಕ್ಷಗಾನ, ನಾಟಕ, ಜಾತ್ರೆಯವು ಅದರ ಬೆನ್ನಿಗೆ, ಟಿವಿಯಿಂದ ರೆಕಾರ್ಡ್ ಮಾಡಿಕೊಂಡವು ಆಮೇಲೆ. ಅಂಗಡಿಯಿಂದ ಕೊಂಡ ಸಿನಿಮಾ ಕ್ಯಾಸೆಟ್ಟುಗಳನ್ನು ಯಂತ್ರದ ಪರೀಕ್ಷೆಗೆ ಇಟ್ಟುಕೊಳ್ಳಿ.